ಸಾ ಬಿಟ್ಟು ಮೂರನೆಯದು

ಹಾವೇರಿ
11 ಜನವರಿ 2004

ಮಾನ್ಯ ಇಸಾಕಸಾಬ ಅವರಿಗೆ,

ಶ್ರೀದೇವಿಯ ನಮಸ್ಕಾರಗಳು. ನೀವು ನನ್ನನ್ನು ನೋಡಿಲ್ಲ. ಆರು ವರ್ಷದ ಹಿಂದೆ ರಾಣೆಬೆನ್ನೂರಿನಲ್ಲಿ ನಿಮ್ಮ ಆರ್ಕೆಸ್ಟ್ರಾಕ್ಕೆ ಗಿಟಾರ್ ಕಲಿಯಲು ಬರುತ್ತಿದ್ದ ಶಶಿಕಾಂತನ ತಂಗಿ ನಾನು. ನಿಮಗೆ ಸುದ್ದಿ ಮುಟ್ಟಿದೆಯೋ ಇಲ್ಲವೋ ಗೊತ್ತಿಲ್ಲ. ಅಣ್ಣ ಕಳೆದ ನವೆಂಬರ್ ಹದಿನಾಲ್ಕಕ್ಕೆ ತೀರಿಕೊಂಡ. ಕಾಮಾಲೆ ಆಗಿತ್ತು. ಬೀಜದ ಕಂಪನಿಯ ಕೆಲಸಕ್ಕೆ ರಜೆ ಹಾಕದೆ ಓಡಾಡಿದ, ನಾವು ಎಚ್ಚೆತ್ತುಕೊಳ್ಳುವಷ್ಟರಲ್ಲಿ ಕೈ ಮೀರಿತ್ತು.

ನಾನು ಇಲ್ಲಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್, ಇಷ್ಟು ದಿನ ರಾಣೆಬೆನ್ನೂರಿನಿಂದಲೇ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಈಗ ಅಲ್ಲಿನ ಮನೆ ಖಾಲಿ ಮಾಡಿ ನಮ್ಮ ಅವ್ವ ಗದಿಗೆವ್ವನನ್ನು ಕರೆತಂದಿದ್ದೇನೆ. ಸಾಮಾನು ಇಳಿಸುವಾಗ ಅಟ್ಟದ ಮೇಲೆ ಅವನ ಗಿಟಾರ್ ಸಿಕ್ಕಿತು, ಜೊತೆಗೆ ಒಂದು ನೋಟುಬುಕ್ಕು. ಅದರ ಕೊನೆಯಲ್ಲಿ ಅವನೇ ಕಟ್ಟಿದ ಒಂದು ಹಾಡಿದೆ. ಮಾತಿಲ್ಲ, ಬರೀ ಸ್ವರ. ಪ್ರತಿ ಸಾಲಿನ ಮೇಲೆ ಯಾವ ಕಾರ್ಡ್ ಹಿಡಿಯಬೇಕು ಎಂದು ಸಾ, ಧ, ಪ ಎಂದೆಲ್ಲ ಗುರುತು ಹಾಕಿದ್ದಾನೆ. ತಲೆಬರಹ, “ಅವ್ವನ ಮುಂದ ಬಾರಿಸೂದು.” ಅವನು ಅದನ್ನು ಬಾರಿಸಲೇ ಇಲ್ಲ. ಅವನ ವರ್ಷದ ದಿನ ನಾನು ಬಾರಿಸಬೇಕೆಂದು ಆಸೆ. ಶಾಲೆಯ ಹಾರ್ಮೋನಿಯಂ ನುಡಿಸಿ ನನಗೆ ಸರಿಗಮ ಗೊತ್ತು. ಆದರೆ ಕಾರ್ಡ್ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿಲ್ಲ.

ಬ್ಯಾಡಗಿಗೆ ಫೋನ್ ಮಾಡಿದ್ದೆ. ನಿಮ್ಮ ಮಗಳು ಹೀನಾ ಎತ್ತಿಕೊಂಡರು. “ಅಬ್ಬಾಗ ಈಗ ಏನೂ ಕೇಳ್ಸಂಗಿಲ್ರಿ ಟೀಚರ್. ಪತ್ರ ಬರೀರಿ, ಓದ್ತಾರ,” ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ಕಲಿಸುತ್ತೀರಾ?

ಶ್ರೀದೇವಿ


ಬ್ಯಾಡಗಿ
24 ಜನವರಿ 2004

ಶ್ರೀದೇವಿ ಟೀಚರಿಗೆ,

ಸುದ್ದಿ ಮುಟ್ಟಿರಲಿಲ್ಲ. ಕಿವುಡನ ಮನೆಗೆ ಸುದ್ದಿ ತಡವಾಗಿಯೇ ಬರುತ್ತದೆ. ಶಶಿಕಾಂತ ನನಗೆ ಚೆನ್ನಾಗಿ ನೆನಪಿದ್ದಾನೆ. ದೇವರು ಅವನಿಗೆ ಒಳ್ಳೆಯದು ಮಾಡಲಿ.

ನಾನೀಗ ಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ಹೊಲಿಯುತ್ತೇನೆ. ಇಪ್ಪತ್ತೆಂಟು ವರ್ಷ ಡ್ರಮ್ಮಿನ ಪಕ್ಕ ನಿಂತಿದ್ದಕ್ಕೆ ಕಿವಿ ಹೋಯಿತು. ಕೇಳದೆ ಕಲಿಸುವುದು ಎಂದರೆ ರುಚಿ ನೋಡದೆ ಅಡಿಗೆ ಮಾಡಿದಂತೆ, ಆದರೂ ಉಪ್ಪಿನ ಅಳತೆ ಕೈಗೆ ಗೊತ್ತಿರುತ್ತದೆ. ಬರೆದುಕೊಳ್ಳಿ.

ಗಿಟಾರಿನ ಕತ್ತಿನ ಮೇಲೆ ಅಡ್ಡ ಪಟ್ಟಿಗಳಿವೆ. ಎರಡು ಪಟ್ಟಿಗಳ ನಡುವಿನ ಜಾಗಕ್ಕೆ ನಾವು ಮನೆ ಎನ್ನುತ್ತಿದ್ದೆವು. ಸಾ ಇಂದ ರಿಗೆ ಎರಡು ಮನೆ ದಾಟಬೇಕು. ರಿ ಇಂದ ಗಕ್ಕೆ ಎರಡು. ಗ ಇಂದ ಮಕ್ಕೆ ಒಂದೇ. ಆಮೇಲೆ ಎರಡು, ಎರಡು, ಎರಡು. ನಿ ಇಂದ ಮೇಲಿನ ಸಾಕ್ಕೆ ಮತ್ತೆ ಒಂದೇ. ಒಟ್ಟು ಹನ್ನೆರಡು ಮನೆ. ಈ ಓಣಿಯಲ್ಲಿ ಹದಿನೈದು ದಿನ ಮೇಲೆ ಕೆಳಗೆ ಓಡಾಡಿ. ಬೆರಳು ಉರಿಯುತ್ತದೆ, ಉರಿಯಲಿ. ನನ್ನ ಬೆರಳು ಈಗ ಖಾರದಿಂದ ಉರಿಯುತ್ತವೆ, ಅದರಿಂದ ಯಾವ ರಾಗವೂ ಹುಟ್ಟುವುದಿಲ್ಲ.

ಕಾರ್ಡ್ ಎಂದರೆ ಪೋಸ್ಟಿನ ಕಾರ್ಡ್ ಅಲ್ಲ ಎಂಬುದಷ್ಟು ತಿಳಿದಿರಲಿ. ಮೂರು ಸ್ವರ ಒಟ್ಟಿಗೆ ಎದ್ದರೆ ಕಾರ್ಡ್. ಯಾವ ಮೂರು ಎಂದು ಅಣ್ಣನ ನೋಟುಬುಕ್ಕಿನಲ್ಲಿ ಇದ್ದೀತು, ನೋಡಿ. ಎಲ್ಲ ಬರೆದುಕೊಳ್ಳುವ ಹುಡುಗ ಅವನು.

ಇಸಾಕಸಾಬ


ಹಾವೇರಿ
9 ಫೆಬ್ರವರಿ 2004

ಕಾಕಾ ಅವರಿಗೆ ನಮಸ್ಕಾರ. ಹಾಗೆ ಕರೆಯಬಹುದಲ್ಲ?

ಬೆರಳು ಉರಿದು ಬೊಬ್ಬೆ ಎದ್ದು ಒಡೆದೂ ಆಯಿತು. ಮಕ್ಕಳಿಗೆ ಸೀಮೆಸುಣ್ಣ ಹಿಡಿದು ಬರೆಯುವಾಗ ಅಯ್ಯೋ ಎನ್ನುತ್ತೇನೆ, ಅವು ನಗುತ್ತವೆ.

ನೋಟುಬುಕ್ಕಿನಲ್ಲಿ ದಾರಿ ಸಿಕ್ಕಿತು. ಅದರಂತೆ ಎಣಿಸಿ ಮೊದಲ ಕಾರ್ಡ್ ಕಟ್ಟಿದೆ. ಸಾ, ಮ, ಧ. ಮೂರನ್ನೂ ಒಟ್ಟಿಗೆ ಮೀಟಿದಾಗ ಎಷ್ಟು ಸಿಹಿಯಾಗಿತ್ತೆಂದರೆ ಅಕ್ಕಿ ಆರಿಸುತ್ತಿದ್ದ ಅವ್ವ ಕತ್ತೆತ್ತಿ ನೋಡಿದಳು. ಮತ್ತೆ ಅಕ್ಕಿಗೆ ಬಗ್ಗಿದಳು. ಅವನು ಹೋದ ಮೇಲೆ ಅವ್ವ ಮಾತು ಕಡಿಮೆ ಮಾಡಿದ್ದಾಳೆ.

ಕಾಕಾ, ಒಂದು ಮಾತು. ಅಣ್ಣ ಗಿಟಾರ್ ಬಿಟ್ಟದ್ದು ನನ್ನಿಂದ. ತೊಂಬತ್ತೆಂಟರ ಮೇ ತಿಂಗಳು, ನನಗೆ ಟೀಚರ್ ತರಬೇತಿಯ ಟಿ.ಸಿ.ಎಚ್. ಪರೀಕ್ಷೆ. ಒಂದು ಸೋಮವಾರ ಬೆಳಿಗ್ಗೆ ಅವನು ಒಂದೇ ಕಾರ್ಡನ್ನು ಮತ್ತೆ ಮತ್ತೆ, ನೂರು ಸಲ ಬಾರಿಸುತ್ತ ಕುಳಿತಿದ್ದ. ನಾನು ಪುಸ್ತಕ ಎಸೆದು, “ಸಾಕ್ ಮಾಡೋ ಮಾರಾಯಾ, ತಲಿ ಒಡಿಯಾಕತ್ತೈತಿ. ನಿನಗ ಬರಂಗಿಲ್ಲ ಅಂದ್ರ ಬಿಟ್ಟ ಬಿಡು!” ಎಂದು ಚೀರಿದೆ. ಅವನು ನನ್ನ ಮುಖ ನೋಡಿದ. ಎದ್ದು ಏಣಿ ಹಾಕಿ ಗಿಟಾರನ್ನು ಅಟ್ಟಕ್ಕೇರಿಸಿದ. ಮತ್ತೆ ಇಳಿಸಲೇ ಇಲ್ಲ.

ಐದೂವರೆ ವರ್ಷ ಅವನ ಜೊತೆ ಒಂದೇ ಮನೆಯಲ್ಲಿದ್ದೆ. ಒಂದು ದಿನವಾದರೂ “ಇಳಿಸೋ ಅಣ್ಣಾ” ಎನ್ನಲಿಲ್ಲ. ಇದನ್ನು ಅವ್ವನಿಗೂ ಹೇಳಿಲ್ಲ. ಅವನು ನಿಮ್ಮ ಬಳಿ ಏನಾದರೂ ಹೇಳಿದ್ದನೇ? ನನ್ನ ಮೇಲೆ ಸಿಟ್ಟಿತ್ತೇ? ಇದ್ದರೆ ಇದ್ದದ್ದನ್ನೇ ಬರೆಯಿರಿ.

ನಿಮ್ಮ ಶ್ರೀದೇವಿ


ಬ್ಯಾಡಗಿ
20 ಫೆಬ್ರವರಿ 2004

ಮಗಳೇ ಶ್ರೀದೇವಿ,

ಕಾಕಾ ಎಂದ ಮೇಲೆ ನೀವು ತಾವು ಬಿಟ್ಟೆ.

ನಿನ್ನ ಕಾರ್ಡ್ ತಪ್ಪು. ಸಾ ಕಾರ್ಡಿಗೆ ಸಾ, ಗ, ಪ. ಮೂರನೆಯದು ಗ, ಐದನೆಯದು ಪ. ನೀನು ಸಾವನ್ನು ಹೊರಗಿಟ್ಟು ಎಣಿಸಿದ್ದೀ. ನಿಂತ ಜಾಗವನ್ನೂ ಎಣಿಸಬೇಕು. ನಮ್ಮೂರ ಸಂತೆ ಎಷ್ಟು ದಿನಕ್ಕೊಮ್ಮೆ? ಎಂಟು ದಿನಕ್ಕೊಮ್ಮೆ ಎನ್ನುತ್ತೇವೆ. ವಾರಕ್ಕೆ ಇರುವುದು ಏಳೇ ದಿನ. ಈ ಸಂತೆಯನ್ನೂ ಎಣಿಸಿ, ಆ ಸಂತೆಯನ್ನೂ ಎಣಿಸಿದರೆ ಎಂಟು. ಸ್ವರವೂ ಹಾಗೆಯೇ. ಏಳೇ ಸ್ವರ, ಎಂಟನೆಯದು ಮತ್ತೆ ಸಾ.

ಹಿಡಿಯುವುದು ಸುಲಭ. ಒಂದು ಹಿಡಿ, ಒಂದು ದಾಟು, ಒಂದು ಹಿಡಿ, ಒಂದು ದಾಟು, ಒಂದು ಹಿಡಿ. ಇದೇ ಓಣಿಯ ಪ್ರತಿ ಸ್ವರದ ಮೇಲೂ ನಿಂತು ಹೀಗೆಯೇ ಮಾಡಿದರೆ ಏಳು ಕಾರ್ಡ್ ಸಿಗುತ್ತವೆ. ಈಗ ಮನೆ ಎಣಿಸು. ಸಾ ಇಂದ ಗಕ್ಕೆ ನಾಲ್ಕು ಮನೆ, ಗ ಇಂದ ಪಕ್ಕೆ ಮೂರು. ಮೊದಲು ನಾಲ್ಕು, ಆಮೇಲೆ ಮೂರು ಬಂದರೆ ಅದು ನಗುಮುಖದ ಕಾರ್ಡ್. ಸಾ, ಮ, ಪ ಮೇಲೆ ಕಟ್ಟಿದವು ಹಾಗೆ. ರಿ ಮೇಲೆ ನಿಂತರೆ ರಿ, ಮ, ಧ. ಮೊದಲು ಮೂರು, ಆಮೇಲೆ ನಾಲ್ಕು. ಅದು ಅಳುಮುಖ. ರಿ, ಗ, ಧ ಮೂರೂ ಅಳುವ ಜಾತಿ. ನಿ ಒಂದೇ ಒಂಟಿ. ಎರಡೂ ಕಡೆ ಮೂರು ಮೂರು, ಕುಗ್ಗಿ ಕುಳಿತಿರುತ್ತದೆ.

ನಗುವಿಗೂ ಅಳುವಿಗೂ ನಡುವಿನ ಸ್ವರದ ಒಂದೇ ಮನೆಯ ವ್ಯತ್ಯಾಸ. ಕಲಿಸುವಾಗ ಇದನ್ನು ಹೇಳಿ ಹುಡುಗರನ್ನು ನಗಿಸುತ್ತಿದ್ದೆ.

ನಿನ್ನ ಪ್ರಶ್ನೆಗೆ ಉತ್ತರ: ಅವನು ನನ್ನ ಬಳಿ ಏನೂ ಹೇಳಿರಲಿಲ್ಲ.

ಇಸಾಕಸಾಬ


ಹಾವೇರಿ
14 ಮಾರ್ಚ್ 2004

ಕಾಕಾ,

ಏಳೂ ಕಾರ್ಡ್ ಬಂದವು. ಮೂರು ನಗುವವು, ಮೂರು ಅಳುವವು, ಒಂದು ಒಂಟಿ. ಲೆಕ್ಕದ ಕ್ಲಾಸಿನಲ್ಲಿ ಮಕ್ಕಳಿಗೂ ಸಂತೆಯ ಲೆಕ್ಕ ಕೊಟ್ಟೆ, ಅರ್ಧ ಮಕ್ಕಳು ಏಳು ಎಂದವು, ಅರ್ಧ ಎಂಟು. ಜಗಳವೇ ಆಯಿತು.

ಆದರೆ ಒಂದು ತೊಂದರೆ. ನೀವು ಹೇಳಿದಂತೆ ಸರಿಯಾದ ಕಾರ್ಡ್ ಹಾಕಿದರೆ ಅಣ್ಣನ ಹಾಡು ಹೊಂದುವುದಿಲ್ಲ. ಸ್ವರ ಒಂದು ಕಡೆ ಎಳೆದರೆ ಕಾರ್ಡ್ ಇನ್ನೊಂದು ಕಡೆ ಎಳೆಯುತ್ತದೆ. ನನ್ನ ಹಳೆಯ ತಪ್ಪು ಎಣಿಕೆಯಲ್ಲೇ ಬಾರಿಸಿದರೆ ಜೀವ ಬರುತ್ತದೆ. ಹೀಗೇಕೆ? ಹಾಡನ್ನು ಪೂರ್ತಿ ಬೇರೆ ಹಾಳೆಯಲ್ಲಿ ಇಳಿಸಿ ಇದರೊಳಗೆ ಇಟ್ಟಿದ್ದೇನೆ, ನೋಡಿ.

ತಪ್ಪು ಎಣಿಕೆ ನನ್ನದಲ್ಲ ಕಾಕಾ. ನೋಟುಬುಕ್ಕಿನ ಮೊದಲ ಪುಟದಲ್ಲಿ ಹೀಗಿದೆ. ಅವನು ಬರೆದಂತೆಯೇ ಇಳಿಸುತ್ತೇನೆ: “ಗುರುಗಳು ಹೇಳಿದ್ದು. ಮೊದಲು ಸಾ ಹಿಡಿ. ಸಾ ಬಿಟ್ಟು ಮೂರನೇದು ಹಿಡಿ. ಸಾ ಬಿಟ್ಟು ಐದನೇದು ಹಿಡಿ.” ಸಾ ಬಿಟ್ಟರೆ ಮೂರನೆಯದು ಮ, ಐದನೆಯದು ಧ. ನಾನು ಹಾಗೆಯೇ ಮಾಡಿದ್ದೆ.

ಅದರ ಕೆಳಗೆ ಕೆಂಪು ಶಾಯಿಯಲ್ಲಿ 17-5-98 ಎಂದು ತಾರೀಖು ಹಾಕಿ ಒಂದು ಸಾಲಿದೆ: “ನನಗೆ ಎಣಿಸಲು ಬರುವುದಿಲ್ಲ.” ಬಿ.ಕಾಂ. ಪಾಸಾದವನು ಹೀಗೇಕೆ ಬರೆದುಕೊಂಡ? ನಾನು ಚೀರಿದ ಹಿಂದಿನ ದಿನದ ತಾರೀಖು ಅದು. ನಿಮಗೇನಾದರೂ ಗೊತ್ತೇ?

ಶ್ರೀದೇವಿ


ಹಾವೇರಿ
25 ಏಪ್ರಿಲ್ 2004

ಕಾಕಾ,

ನಿಮ್ಮ ಪತ್ರವಿಲ್ಲ. ಪೇಟೆಯಲ್ಲಿ ಸುಗ್ಗಿ, ಚೀಲದ ಕೆಲಸ ಬಿಡುವು ಕೊಟ್ಟಿರಲಿಕ್ಕಿಲ್ಲ ಎಂದುಕೊಂಡಿದ್ದೇನೆ. ಆರೋಗ್ಯವೇ?

ಶ್ರೀದೇವಿ


ಹಾವೇರಿ
30 ಮೇ 2004

ಕಾಕಾ,

ನಾನು ತಪ್ಪು ಎಣಿಸಿ, ಅದನ್ನು ನಿಮ್ಮ ತಲೆಗೆ ಕಟ್ಟಿದೆ ಎಂದು ಬೇಸರವೇ? ಹಾಗಿದ್ದರೆ ಕ್ಷಮಿಸಿ. ಅಣ್ಣನೇ ತಪ್ಪು ಬರೆದುಕೊಂಡಿರಬಹುದು. ನೀವು ದೊಡ್ಡವರು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ. ಒಂದು ಸಾಲು ಬರೆಯಿರಿ.

ಶ್ರೀದೇವಿ


ಬ್ಯಾಡಗಿ
12 ಜೂನ್ 2004

ಮಗಳೇ,

ನೀನು ಕ್ಷಮೆ ಕೇಳಿದ್ದನ್ನು ಓದಿ ನನಗೆ ನಾಚಿಕೆಯಾಯಿತು. ಅವನು ತಪ್ಪು ಬರೆದುಕೊಂಡಿಲ್ಲ. ನಾನು ಹೇಳಿದ್ದೇ ಹಾಗೆ.

ನಾವು ಮಾತಾಡುವುದೇ ಹಾಗಲ್ಲವೇ? “ಈ ಸಂತಿ ಬಿಟ್ಟು ಎಂಟನೇ ದಿನಕ್ಕ ಬಾ” ಎನ್ನುತ್ತೇವೆ. ಬಾಯಲ್ಲಿ ಬಿಟ್ಟು ಎನ್ನುತ್ತೇವೆ, ಬೆರಳಲ್ಲಿ ಮಾತ್ರ ಅದನ್ನೂ ಸೇರಿಸಿ ಎಣಿಸುತ್ತೇವೆ. ಇಪ್ಪತ್ತು ವರ್ಷ ಎಲ್ಲ ಹುಡುಗರಿಗೂ ಸಾ ಬಿಟ್ಟು ಮೂರನೇದು ಎಂದೇ ಹೇಳಿದೆ. ಉಳಿದವರು ನನ್ನ ಬೆರಳು ನೋಡಿ ಕಲಿತರು. ನಿನ್ನ ಅಣ್ಣ ನನ್ನ ಮಾತು ಬರೆದುಕೊಂಡು, ಮಾತನ್ನು ನಂಬಿ ಕಲಿತ. ಅವನು ಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದ, ನಾನು ಒಂದು ದಿನವೂ ಪಕ್ಕದಲ್ಲಿ ಕುಳಿತು ಪರೀಕ್ಷೆ ಮಾಡಲಿಲ್ಲ.

1998ರ ಮೇ ಹದಿನೇಳು, ಭಾನುವಾರ. ರಾಣೆಬೆನ್ನೂರಿನಲ್ಲಿ ಒಂದು ಮದುವೆ, ಮಧ್ಯಾಹ್ನದ ಊಟದ ಹೊತ್ತಿಗೆ ನಮ್ಮ ಕಾರ್ಯಕ್ರಮ. ನಮ್ಮ ಗಿಟಾರಿನವನಿಗೆ ಜ್ವರ ಬಂದು, ಅವನ ಬದಲಿಗೆ ಶಶಿಕಾಂತನನ್ನು ನಿಲ್ಲಿಸಿದೆ. ಅವನ ಮೊದಲ ಸ್ಟೇಜು. ನಾನು ಸ್ಟೇಜಿನ ಪಕ್ಕಕ್ಕೆ ಆಂಪ್ಲಿಫೈಯರ್ ಪೆಟ್ಟಿಗೆಯ ಹತ್ತಿರ ಕುಳಿತಿದ್ದೆ. ಎರಡನೇ ಹಾಡಿಗೆ ಅವನು ಸಾ ಕಾರ್ಡಿನ ಜಾಗದಲ್ಲಿ ಸಾ, ಮ, ಧ ಹಿಡಿದ. ಹಾಡುವ ಹುಡುಗಿ ಶ್ರುತಿ ತಪ್ಪಿ ನಿಂತೇಬಿಟ್ಟಳು. ನನಗೆ ಮೈಯೆಲ್ಲ ಉರಿಯಿತು. ಅವನ ಗಿಟಾರಿನ ವೈರ್ ಕಿತ್ತೆ. ಕೈಗೆ ಸಿಕ್ಕ ಮೈಕಿನಲ್ಲಿ ಹೇಳಿದೆ, “ಮೂರು ಎಣಿಸಾಕ ಬರಂಗಿಲ್ಲ, ಗಿಟಾರ್ ಹಿಡ್ಕೊಂಡು ನಿಂತಾನ. ಎಣಿಸೂದು ಕಲತು ಬಾ ಹೋಗಪಾ.” ಊಟಕ್ಕೆ ಕುಳಿತ ಮಂದಿಯೆಲ್ಲ ನಕ್ಕರು. ಅವನು ಮಂದಿಯ ಕಡೆ ಒಂದು ಗಳಿಗೆ ನೋಡಿದ. ಆಮೇಲೆ ಗಿಟಾರನ್ನು ಚೀಲಕ್ಕೆ ಹಾಕಿಕೊಂಡು ಇಳಿದು ಹೋದ.

ಮರುದಿನ ಬೆಳಿಗ್ಗೆ ಅವನು ನೂರು ಸಲ ಬಾರಿಸುತ್ತಿದ್ದುದು ಅದೇ ಕಾರ್ಡ್ ಇರಬೇಕು. ಎಲ್ಲಿ ತಪ್ಪಿದೆ ಎಂದು ಹುಡುಕುತ್ತಿದ್ದ. ಅವನು ಹುಡುಕುವ ತಪ್ಪು ಅವನ ಹತ್ತಿರ ಇರಲೇ ಇಲ್ಲ. ನೀನು ಚೀರಿದ್ದರಿಂದ ಅವನು ಬಿಡಲಿಲ್ಲ ಮಗಳೇ. ನಾನು ಬಿಡಿಸಿ ಕಳಿಸಿದ್ದೆ.

ಎರಡು ವರ್ಷದ ಮೇಲೆ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. “ಗುರುಗಳ, ಚಾ ಕುಡೀರಿ” ಎಂದ. ಕುಡಿದೆ. ಗಿಟಾರಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬಸ್ಸು ಬಂತು, ಹತ್ತಿದೆ. ಫೆಬ್ರವರಿಯಲ್ಲಿ ನೀನು ಕೇಳಿದಾಗ ಅವನು ಏನೂ ಹೇಳಿಲ್ಲ ಎಂದು ಬರೆದೆ. ಸುಳ್ಳಲ್ಲ. ಆದರೆ ಸುಳ್ಳಿಗಿಂತ ಕೆಟ್ಟದ್ದು.

ಇನ್ನು ಹಾಡಿನ ವಿಷಯ. ಮೂರು ತಿಂಗಳು ಅವನ ಹಾಡನ್ನು ಕಾಗದದ ಮೇಲೆ ಎಣಿಸಿದೆ. ಸಾ, ಮ, ಧ ತಪ್ಪು ಕಾರ್ಡ್ ಅಲ್ಲ. ಮ ಮೇಲೆ ಕಟ್ಟಿದ ಕಾರ್ಡ್ ಯಾವುದು? ಮ, ಧ, ಸಾ. ಅದರ ಸಾವನ್ನು ಕೆಳಗೆ ತಂದಿಟ್ಟರೆ ಅವನ ಕಾರ್ಡ್. ಅವನು ಧ ಎಂದು ಬರೆದಲ್ಲೆಲ್ಲ ರಿ ಕಾರ್ಡ್ ಏಳುತ್ತದೆ, ಪ ಎಂದಲ್ಲಿ ಸಾ ಕಾರ್ಡ್. ಅಂದರೆ ಅವನ ಹಾಡಿನ ನೆಲೆ ಸಾ ಅಲ್ಲ, ಮ. ನನ್ನ ತಪ್ಪು ಮಾತಿನ ಮೇಲೆ ನಿಂತು ಹುಡುಗ ಸರಿಯಾದ ಹಾಡು ಕಟ್ಟಿದ್ದಾನೆ. ಅವನು ಬರೆದಂತೆಯೇ ಬಾರಿಸು. ಒಂದು ಮನೆಯನ್ನೂ ಬದಲಿಸಬೇಡ.

ಮಾಫಿ ಕೇಳಬೇಕಾದವನು ಹೋಗಿಬಿಟ್ಟ. ನಿನ್ನನ್ನು ಕೇಳುತ್ತೇನೆ.

ಇಸಾಕಸಾಬ


ಹಾವೇರಿ
4 ಜುಲೈ 2004

ಇಸಾಕಸಾಬ ಅವರಿಗೆ,

ನನ್ನ ತಪ್ಪಲ್ಲ ಎಂದು ತಿಳಿದ ಮೇಲೆ ಎದೆ ಹಗುರವಾಗಬೇಕಿತ್ತು. ಆಗಲಿಲ್ಲ. ಅಣ್ಣ ನೂರು ಸಲ ಬಾರಿಸುತ್ತಿದ್ದುದು ಏಕೆ ಎಂದು ಈಗ ಗೊತ್ತಾಗಿ, ಅವನ ಮುಖ ಮತ್ತೂ ಕಣ್ಣಿಗೆ ಕಟ್ಟುತ್ತದೆ. ನಿನಗ ಬರಂಗಿಲ್ಲ ಎಂದು ಅವನಿಗೆ ಎರಡು ದಿನದಲ್ಲಿ ಇಬ್ಬರು ಹೇಳಿದೆವು.

ಆ ಮದುವೆ ನಮ್ಮ ಸೋದರಮಾವನ ಮಗಳದ್ದು. ಪರೀಕ್ಷೆ ಎಂದು ನಾನು ಹೋಗಿರಲಿಲ್ಲ. ಅವನು ಬಂದು ಏನೂ ಹೇಳಲಿಲ್ಲ. ನೀವಾದರೂ ಮನೆಗೆ ಬರಬಹುದಿತ್ತು. ಅವನ ಜೊತೆ ಚಹಾ ಕುಡಿಯುವಾಗ ಒಂದು ಮಾತು ಹೇಳಬಹುದಿತ್ತು, ಕೊನೆಗೆ ನನಗೆ ಫೆಬ್ರವರಿಯಲ್ಲೇ ಹೇಳಬಹುದಿತ್ತು. ನಾನು ಅಷ್ಟು ಬಾಯಿಬಿಟ್ಟು ಕೇಳಿದಾಗಲೂ ನೀವು ನನಗೆ ಮನೆ ಎಣಿಸುವುದು ಕಲಿಸಿದಿರಿ.

ನಿಮಗೆ ಮಾಫಿ ಕೊಡಲು ನನ್ನಿಂದ ಆಗುವುದಿಲ್ಲ. ದಯವಿಟ್ಟು ಇನ್ನು ಬರೆಯಬೇಡಿ.

ಶ್ರೀದೇವಿ


ಬ್ಯಾಡಗಿ
2 ಸೆಪ್ಟೆಂಬರ್ 2004

ಟೀಚರಿಗೆ,

ಬರೆಯಬೇಡಿ ಎಂದಿದ್ದೀರಿ. ಇದು ಪತ್ರವಲ್ಲ, ಪಾಠ. ಕೊನೆಯ ಸಾಲಿನಲ್ಲಿ ಅವನು ನಿ ಎಂದು ಗುರುತು ಹಾಕಿದ್ದನ್ನು ನೀವು ನಿಮ್ಮ ಮಾರ್ಚ್ ಪತ್ರದಲ್ಲಿದ್ದ ಅವನ ಎಣಿಕೆಯಂತೆಯೇ ಹಿಡಿಯಬೇಕು. ನನ್ನ ಎಣಿಕೆಯ ನಿ ಅಲ್ಲಿ ಚುಚ್ಚುತ್ತದೆ. ಅವನ ಎಣಿಕೆಯಲ್ಲಿ ನಿ, ಗ, ಪ. ಅಳುವ ಜಾತಿಯ ಕಾರ್ಡ್. ಅಲ್ಲಿ ಎರಡು ತಾಳ ನಿಂತು ಮುಂದೆ ಹೋಗಿ.

ಉತ್ತರ ಬೇಡ.

ಇಸಾಕಸಾಬ


ಹಾವೇರಿ
16 ನವೆಂಬರ್ 2004

ಕಾಕಾ,

ಮೊನ್ನೆ ಭಾನುವಾರ ಅಣ್ಣನ ವರ್ಷದ ದಿನವಿತ್ತು. ಪೂಜೆ ಮುಗಿದು ನಂಟರು ಉಂಡು ಹೋದ ಮೇಲೆ ಅವ್ವನನ್ನು ಕೂರಿಸಿ ಬಾರಿಸಿದೆ. ಅವನು ಬರೆದಂತೆಯೇ. ನಿ ಮೇಲೆ ಎರಡು ತಾಳ ನಿಂತೆ. ಬೆರಳು ಎರಡು ಕಡೆ ತಪ್ಪಿದವು, ಆದರೂ ನಿಲ್ಲಿಸಲಿಲ್ಲ.

ಅವ್ವ ಗಿಟಾರಿನ ಮೇಲೆ ಕೈಯಾಡಿಸಿದಳು. ಆಮೇಲೆ, “ಇದು ನನಗಂತ ಮಾಡಿದ್ನೇನವಾ?” ಎಂದಳು. ಹೌದು ಎಂದೆ. “ಮತ್ತ ಯಾಕ ಬಾರಿಸಲಿಲ್ಲ?” ಎಂದಳು.

ನನಗೆ ಮುಚ್ಚಿಡಲಾಗಲಿಲ್ಲ. ನಾನು ಚೀರಿದ್ದನ್ನು ಹೇಳಿದೆ. ನಿಮ್ಮ ಜೂನ್ ಪತ್ರ ತೆಗೆದು ಮೈಕಿನ ಮಾತಿನವರೆಗೆ ಓದಿದೆ. ಅವ್ವ ಕೈ ಅಡ್ಡ ಹಿಡಿದು ನಿಲ್ಲಿಸಿದಳು.

“ಗೊತ್ತೈತಿ. ನಾ ಅಲ್ಲೇ ಇದ್ನಲ್ಲ. ಮುಂದಿನ ಪಂಕ್ತಿಯೊಳಗ ಊಟಕ್ಕ ಕುಂತಿದ್ದೆ. ಅವರು ಎಲ್ಲಿಂದ ಅಂದ್ರು, ಏನಂದ್ರು, ನನಗ ತಿಳೀಲಿಲ್ಲವಾ. ಚೇಷ್ಟಿ ಮಾಡಾಕತ್ತಾರ ಅಂದ್ಕೊಂಡೆ. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಅವ ನನ್ನ ನೋಡಿದ. ನಾ ನಗೂದನ್ನ ನೋಡಿದ.”

ಕಾಕಾ, ಅವ್ವ ಇದನ್ನು ಆರು ವರ್ಷ ಒಬ್ಬಳೇ ಇಟ್ಟುಕೊಂಡಿದ್ದಳು. ಅವನಿಗೆ ಊಟ ಬಡಿಸುವಾಗ, ಆಸ್ಪತ್ರೆಯಲ್ಲಿ ಅವನ ಕಾಲು ಒತ್ತುವಾಗ. ಕೇಳೋಣ ಎಂದು ಬಾಯಿಗೆ ಬಂದರೂ ಕೇಳಲಿಲ್ಲವಂತೆ. ಇವತ್ತು ಮೂರನೇ ದಿನ, ಅವ್ವ ಊಟಕ್ಕೆ ಕೂರುತ್ತಿಲ್ಲ. ತಟ್ಟೆ ಮುಂದಿಟ್ಟರೆ, “ಉಣ್ಣಾಕ ಕುಂತಾಗನ ನಕ್ಕಿದ್ದೆ,” ಎಂದು ಎದ್ದು ಹೋಗುತ್ತಾಳೆ.

ಜುಲೈಯಲ್ಲಿ ನಾನು ನಿಮಗೆ ಬರೆದ ಮಾತನ್ನು ಅವ್ವನಿಗೆ ಹೇಳಲು ನನಗೆ ಆಗುತ್ತದೆಯೇ? ಅವ್ವನಿಗೆ ಹೇಳಲಾಗದ್ದನ್ನು ನಿಮಗೂ ಹೇಳಬಾರದಿತ್ತು. ಅದನ್ನು ಹಿಂದಕ್ಕೆ ತೆಗೆದುಕೊಂಡೆ. ನಾವು ಮೂವರೂ ಒಂದೇ ತಪ್ಪನ್ನು ಒಬ್ಬೊಬ್ಬರೇ ಹೊತ್ತಿದ್ದೇವೆ. ನನ್ನದೂ ನಿಮ್ಮದೂ ಹೊರಬಹುದು. ಅವ್ವನದು ಅವಳನ್ನು ಉಳಿಸುವುದಿಲ್ಲ.

ಈಗ ನಾನೊಂದು ಮಾಡಿದ್ದೇನೆ, ಬೈಯಬೇಡಿ. ನೀವು ಪಕ್ಕಕ್ಕೆ ಪೆಟ್ಟಿಗೆಯ ಹತ್ತಿರ ಕುಳಿತಿದ್ದಿರಿ ಎಂಬ ಸಾಲನ್ನು ನಾನು ಅವ್ವನಿಗೆ ಓದುವಾಗ ಹಾರಿಸಿದ್ದೆ, ಸುಮ್ಮನೆ ಚಿಕ್ಕದು ಮಾಡಲೆಂದು. ನಿನ್ನೆ ಅದು ನೆನಪಾಗಿ, “ಇಲ್ಲವಾ, ಇಸಾಕಸಾಬರು ಅವನ ಮುಂದ ಅಡ್ಡ ನಿಂತಿದ್ರಂತ, ಅವಗ ನೀ ಕಂಡಿರಾಕಿಲ್ಲ,” ಎಂದೆ. ಅವ್ವ ನನ್ನ ಮುಖವನ್ನೇ ನೋಡಿ, “ಖರೇನ?” ಎಂದಳು. ನಾನು ಹೇಳಿದ್ದನ್ನು ನಂಬುವುದಿಲ್ಲ ಅವಳು. ಅವಳಿಗಾಗಿ ಹೇಳುತ್ತಿದ್ದೇನೆ ಎಂದು ಗೊತ್ತು.

ನಿಮ್ಮನ್ನು ನಂಬಿಯಾಳು. ನೀವು ನಿಜ ಬರೆದವರು. ಒಮ್ಮೆ ಹಾವೇರಿಗೆ ಬನ್ನಿ. ನಿಮಗೆ ಏನೂ ಕೇಳಿಸಬೇಕಾಗಿಲ್ಲ, ಹೇಳಿದರೆ ಸಾಕು.

ನಿಮ್ಮ ಶ್ರೀದೇವಿ


ಬ್ಯಾಡಗಿ
18 ನವೆಂಬರ್ 2004

ಮಗಳೇ,

ಪತ್ರಕ್ಕೆ ಪುರುಸೊತ್ತಿಲ್ಲ, ಪೋಸ್ಟಿನ ಕಾರ್ಡ್ ಹಾಕುತ್ತಿದ್ದೇನೆ. ಇದನ್ನು ಅವ್ವನಿಗೆ ಪೂರ್ತಿ ಓದಿ ಹೇಳು, ಒಂದು ಸಾಲನ್ನೂ ಹಾರಿಸಬೇಡ.

ಗದಿಗೆವ್ವ ಅವರೇ, ಆ ದಿನ ನಾನು ಮೈಕ್ ಹಿಡಿದು ನಿಮ್ಮ ಮಗನ ಎದುರಿಗೇ ನಿಂತಿದ್ದೆ. ನಾನು ದಪ್ಪ ಮನುಷ್ಯ, ಆಗ ಇನ್ನೂ ದಪ್ಪ ಇದ್ದೆ. ಅವನು ನೋಡಿದ್ದು ನನ್ನನ್ನು. ನನ್ನ ಹಿಂದೆ ಯಾರು ಕುಳಿತಿದ್ದರು, ಯಾರು ನಕ್ಕರು ಎಂಬುದು ಅವನಿಗೆ ಕಾಣಲಿಲ್ಲ. ಭಾನುವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ನನಗೂ ಅನ್ನ ಇಡಿ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ.

ಇಸಾಕಸಾಬ